ಲೆನ್ಸ್ ಕೈಯಲ್ಲಿ, ಮುಖ ಬಾಗಿಲಲ್ಲಿ

ಇನ್ನು ಮುಂದೆ ಎಲ್ಲರಂತೆ ಫೋಟೊ ತೆಗೆಯುವುದಿಲ್ಲ ಎಂದು ನಾನು ಘನಘೋರ ಸಂಕಲ್ಪ ಮಾಡಿದೆ. ಲೆನ್ಸನ್ನು ಕ್ಯಾಮೆರಾಗೆ ಸಿಕ್ಕಿಸಿ ಗುಂಡಿ ಒತ್ತುವುದು ಯಾರಿಗೆ ಬರುವುದಿಲ್ಲ? ಲೆನ್ಸನ್ನು ಪೂರ್ತಿ ಕಳಚಿ, ಎಡಗೈಯಲ್ಲಿ ಹಿಡಿದು, ಕ್ಯಾಮೆರಾದ ತೆರೆದ ಬಾಯಿಯ ಮುಂದೆ ಚೂರೇ ಚೂರು ವಾಲಿಸಿ ತೆಗೆಯಬೇಕು! ಆಗ ಚಿತ್ರದಲ್ಲಿ ಒಂದೇ ಒಂದು ಜಾಗ ಸ್ಪಷ್ಟವಾಗಿ ಮೂಡುತ್ತದೆ. ಮಿಕ್ಕದ್ದೆಲ್ಲ ಕನಸಿನ ಹಾಗೆ ಕರಗುತ್ತದೆ. ಇದನ್ನು ಕಲೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ 'ಸರಿಯಾಗಿರೋದನ್ನ ಬಿಚ್ಚಿ ಹಾಳು ಮಾಡೋದು' ಎನ್ನುತ್ತಾರೆ.

ಹಾಗೆನ್ನುವವಳು ನನ್ನ ಹೆಂಡತಿ. ಪಾರ್ಸಲ್ ಕಂಪನಿಯ ಕೌಂಟರಿನಲ್ಲಿ ವರ್ಷಗಟ್ಟಲೆ ಜನರ ಬೈಗುಳ ತಿಂದವಳಿಗೆ ಕೊನೆಗೂ ಬಡ್ತಿ ಸಿಕ್ಕಿ, ಹೊಸ ಶಾಖೆಯ ಮ್ಯಾನೇಜರ್ ಆಗಿದ್ದಳು. ಶಾಖೆಯ ಬಾಗಿಲಿಗೆ ಅವಳ ಮುಖವಿರುವ ದೊಡ್ಡ ಬ್ಯಾನರ್ ಹಾಕುತ್ತಾರಂತೆ. ಸಂಜೆಯೊಳಗೆ ಬ್ಯಾನರ್ ಅಂಗಡಿಗೆ ಫೋಟೊ ಹೋಗಬೇಕಿತ್ತು.

"ಸ್ಟುಡಿಯೋಗೆ ಹೋಗಿ ಬಂದ್ಬಿಡ್ತೀನಿ," ಎಂದಳು.

"ಮನೇಲಿ ಕಲಾವಿದ ಇರುವಾಗ ಸ್ಟುಡಿಯೋ ಯಾಕೆ?"

"ಮುಖ ಸ್ಪಷ್ಟವಾಗಿ ಕಾಣ್ಬೇಕು ರೀ. ಅವರು ಕೇಳಿರೋದು ಅಷ್ಟೇ."

"ಮುಖ ಏನು, ನಿನ್ನ ಆತ್ಮವೇ ಕಾಣುತ್ತೆ, ನೋಡ್ತಿರು."

"ಆತ್ಮ ಬೇಡ. ಮುಖ ಸಾಕು."

ಮಲಗುವ ಕೋಣೆಯಲ್ಲಿ, ಬೀರುವಿನ ಕನ್ನಡಿಯ ಮುಂದೆ ಸ್ಟೂಲ್ ಹಾಕಿ ಅವಳನ್ನು ಕನ್ನಡಿಗೆ ಬೆನ್ನಾಗಿ ಕೂರಿಸಿದೆ. ಹೊಸ ನೀಲಿ ಕೋಟಿನಲ್ಲಿ ಲಕ್ಷಣವಾಗಿ ಕೂತಳು. ನಾನು ಗಂಭೀರವಾಗಿ ಲೆನ್ಸ್ ಕಳಚಿದೆ. ಅದು ಬೆವರಿದ ಅಂಗೈಯಿಂದ ಜಾರಿ, ಏನೋ ತುರ್ತು ಕೆಲಸವಿದ್ದಂತೆ ಮಂಚದ ಕೆಳಗೆ ಉರುಳಿಕೊಂಡು ಹೋಯಿತು. ಹೊಟ್ಟೆಯ ಮೇಲೆ ತೆವಳುತ್ತಾ ನಾನೂ ಹೋದೆ. ಹೊರಬಂದಾಗ ಕೈಯಲ್ಲಿ ಲೆನ್ಸಿತ್ತು, ತಲೆಯ ಮೇಲೆ ಜೇಡವೊಂದರ ಇಡೀ ಆಸ್ತಿಯಿತ್ತು.

"ರೀ, ನಿಮ್ಮ ತಲೆ ಮೇಲೆ..."

"ಮಾತಾಡ್ಬೇಡ. ಬೆಳಕು ಹೋಗುತ್ತೆ."

ಅಷ್ಟರಲ್ಲಿ ಕ್ಯಾಮೆರಾದೊಳಗೆ ಧೂಳು ಹೋಗಿತ್ತು. ಉಫ್ ಎಂದು ಊದಿದೆ. ಧೂಳಿನ ಜೊತೆಗೆ ಎಂಜಲೂ ಸೇರಿಕೊಂಡಿತು. ಇರಲಿ, ಕಲೆಗೆ ತ್ಯಾಗ ಬೇಕು! ಕ್ಯಾಮೆರಾವನ್ನು ಎದೆಗೆ ಆನಿಸಿಕೊಂಡು, ಲೆನ್ಸ್ ವಾಲಿಸಿ, ಕಿಟಕಿಯ ಬಿಸಿಲಿಗೆ ಒಂದು ಕಣ್ಣು ಮುಚ್ಚಿದೆ. ಮನಸ್ಸಿಟ್ಟು ಕೆಲಸ ಮಾಡುವಾಗ ನನ್ನ ನಾಲಿಗೆ ತಾನಾಗಿಯೇ ಹೊರಗೆ ಬರುತ್ತದೆ. ಬಂತು. ಗುಂಡಿ ಒತ್ತಿದೆ.

"ಆಯ್ತಾ? ಕತ್ತು ಹಿಡ್ಕೊಂಡಿದೆ. ತೋರಿಸಿ."

"ಬ್ಯಾನರಿನಲ್ಲೇ ನೋಡುವೆಯಂತೆ."

ಅವಳು ತಡವಾಯಿತೆಂದು ಕೆಲಸಕ್ಕೆ ಓಡಿದಳು. ಬಿಸಿಲಿನಲ್ಲಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನನಗೆ ಕಂಡದ್ದು ನೀಲಿ ಮಂಜು ಮಾತ್ರ. ಆತ್ಮ ಎಂದರೆ ಇದೇ ಎಂದು ಬೆನ್ನು ತಟ್ಟಿಕೊಂಡು, ಅದನ್ನೇ ಬ್ಯಾನರ್ ಅಂಗಡಿಗೆ ಕಳಿಸಿದೆ. ಹೆಂಡತಿಯ ಮಾತು ನೆನಪಾಗಿ ಒಂದು ಸಾಲನ್ನೂ ಸೇರಿಸಿದೆ: 'ಸ್ಪಷ್ಟವಾಗಿರುವ ಮುಖವನ್ನು ದೊಡ್ಡದಾಗಿ ಹಾಕಿ.'

ಶಾಖೆ ಶುರುವಾದ ದಿನ ಇಸ್ತ್ರಿ ಅಂಗಿ ತೊಟ್ಟು, ಎದೆಯುಬ್ಬಿಸಿ ಹೋದೆ. ಬಾಗಿಲಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು. ತಲೆಯೆತ್ತಿದೆ. ಬ್ಯಾನರಿನ ತುಂಬ ನಾನು! ಒಂದು ಕಣ್ಣು ಮುಚ್ಚಿದೆ, ನಾಲಿಗೆ ಹೊರಗಿದೆ, ತಲೆಯ ಮೇಲೆ ಕಿರೀಟದಂತೆ ಜೇಡರ ಬಲೆ. ಕೆಳಗೆ ದಪ್ಪಕ್ಷರ: 'ನಮ್ಮ ಹೊಸ ಮ್ಯಾನೇಜರ್. ಪಾರ್ಸಲ್ ಬರಲಿಲ್ಲವೇ? ಇವರನ್ನು ಕೇಳಿ.'

ಬ್ಯಾನರ್ ಅಂಗಡಿಯವನಿಗೆ ಫೋನ್ ಮಾಡಿದೆ.

"ಫೋಟೊದಲ್ಲಿ ಎರಡು ಮುಖ ಇತ್ತು ಸಾರ್. ಮುಂದಿದ್ದದ್ದು ಬರೀ ಹೊಗೆ. ಹಿಂದೆ ಕನ್ನಡಿಯೊಳಗಿದ್ದದ್ದು ಮೂಗಿನ ಕೂದಲು ಎಣಿಸೋ ಹಾಗಿತ್ತು. ಸ್ಪಷ್ಟವಾಗಿರೋದನ್ನ ಹಾಕಿ ಅಂದ್ರಿ. ಹಾಕ್ದೆ."

ನಾಚಿಕೆಯಿಂದ ಕುಗ್ಗಿಹೋದೆ. ಅವಳು ಇಷ್ಟು ವರ್ಷ ಕಾದ ದಿನವನ್ನು ನಾನೇ ಮಣ್ಣುಪಾಲು ಮಾಡಿದ್ದೆ. ತಲೆ ತಗ್ಗಿಸಿ ಒಳಗೆ ಹೋದರೆ, ಹೆಂಡತಿ ತನ್ನ ಗಾಜಿನ ಕೋಣೆಯಲ್ಲಿ ಹಾಯಾಗಿ ಟೀ ಕುಡಿಯುತ್ತಿದ್ದಳು.

"ತಪ್ಪಾಯ್ತು ಕಣೇ. ಈಗಲೇ ತೆಗೆಸಿಬಿಡ್ತೀನಿ."

"ಮುಟ್ಟಬೇಡಿ. ಬೆಳಗ್ಗೆಯಿಂದ ಒಬ್ಬರೂ ನನ್ನ ಬೈದಿಲ್ಲ."

ಹಿಂದಿನಿಂದ ಯಾರೋ ಭುಜ ತಟ್ಟಿದರು. ಕೈಯಲ್ಲಿ ರಸೀದಿ ಹಿಡಿದ ಒಬ್ಬ ಭಾರೀ ಆಸಾಮಿ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ.

"ಒಂದ್ಸಲ ನಾಲಿಗೆ ಚಾಚಿ ನೋಡೋಣ."

ಹೆದರಿ ಚಾಚಿದೆ.

"ಇವರೇ," ಎಂದು ಅವನು ಬಾಗಿಲ ಕಡೆ ತಿರುಗಿ ಕೂಗಿದ. "ಎಲ್ರೂ ಒಳಗೆ ಬನ್ನಿ!"