ಸಾಧು ಕಚ್ಚಿದರೆ ಹೊಣೆ ಯಾರು

ಪಾಠ ಹೇಳುವವರಿಗೆ ಒಂದು ನೆಮ್ಮದಿ ಇರುತ್ತದೆ. ತಾವು ಹೇಳುವ ಸಂಗತಿಗಳೆಲ್ಲ ಬೇರೆಯವರಿಗೇ ಆಗುವಂಥವು ಎಂಬ ನೆಮ್ಮದಿ. ಭೂಕಂಪದ ಪಾಠ ಮಾಡುವ ಮೇಷ್ಟ್ರು ಮೇಜು ಅಲುಗಿದರೆ ಹುಡುಗರ ಕಡೆ ಕಣ್ಣು ಬಿಡುತ್ತಾರೆಯೇ ಹೊರತು ನೆಲದ ಕಡೆ ನೋಡುವುದಿಲ್ಲ. ನಾನು ಮಂಡ್ಯದ ಒಂದು ಕಾನೂನು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಟಾರ್ಟ್ ಎಂಬ ವಿಷಯ ಕಲಿಸುತ್ತೇನೆ. ಕನ್ನಡದಲ್ಲಿ ಇದಕ್ಕೆ ಅಪಕೃತ್ಯ ಎಂದು ಹೆಸರು. ಅಪಕೃತ್ಯದ ಮೇಷ್ಟ್ರು ಎಂದರೆ ಜನ ನನ್ನನ್ನು ಒಂದು ಥರಾ ನೋಡುವುದರಿಂದ ಹೊರಗೆ ‘ಲಾ ಕಲಿಸ್ತೀನಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ವಿಷಯ ಮಾತ್ರ ಸರಳ. ನಿಮಗೆ ಯಾರ ಮೇಲೂ ದ್ವೇಷವಿಲ್ಲ, ಯಾರ ಜೊತೆಗೂ ಕರಾರಿಲ್ಲ. ಸುಮ್ಮನೆ ಎಚ್ಚರ ತಪ್ಪಿ ಪಕ್ಕದವನಿಗೆ ಹಾನಿ ಮಾಡಿದಿರಿ ಅನ್ನಿ. ಪೊಲೀಸರು ಬರದೆ ಇರಬಹುದು. ಆದರೆ ಆ ಹಾನಿಯನ್ನು ತುಂಬಿಕೊಡುವ ಹೊಣೆ ನಿಮ್ಮದು. ನಿಮ್ಮ ಮಹಡಿಯ ಹೂಕುಂಡ ಅವನ ತಲೆಯ ಮೇಲೆ ಬಿದ್ದರೆ, ನಿಮ್ಮ ಹಸು ಅವನ ಕಬ್ಬು ಮೇಯ್ದರೆ, ನಿಮ್ಮ ನಾಯಿ ಅವನ ಕಾಲು ಕಚ್ಚಿದರೆ. ಈ ಕೊನೆಯ ಉದಾಹರಣೆ ಹೇಳುವಾಗ ತರಗತಿಯಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಮ್ಮ ಮನೆ ಮಳವಳ್ಳಿಯಲ್ಲಿ. ಅಲ್ಲಿಗೆ ಒಂದು ನಾಯಿ ಯಾವಾಗ ಬಂತು, ಯಾಕೆ ಬಂತು ಎಂದು ನನಗೆ ಗೊತ್ತಿಲ್ಲ. ಮೊದಲು ಗೇಟಿನ ಆಚೆ ಇತ್ತು, ಆಮೇಲೆ ಗೇಟಿನ ಈಚೆಗೆ ಬಂತು, ಆಮೇಲೆ ನನ್ನ ಹಳೆಯ ಪಂಚೆಯ ಮೇಲೆ ಮಲಗಿತು. ಬೆಕ್ಕು ಎದುರಾದರೆ ರಸ್ತೆಯ ಇನ್ನೊಂದು ಬದಿಗೆ ಸರಿದು ಹೋಗುತ್ತಿದ್ದುದರಿಂದ ನನ್ನ ಹೆಂಡತಿ ವಸಂತ ಅದಕ್ಕೆ ಸಾಧು ಎಂದು ಹೆಸರಿಟ್ಟಳು. ನಾಯಿಯ ಸ್ವಭಾವ ಗೊತ್ತಿದ್ದೂ ಕಟ್ಟಿಹಾಕದವನ ಹೊಣೆ ದೊಡ್ಡದು ಎಂದು ಕಾನೂನು ಹೇಳುತ್ತದೆ. ಇದರ ಸ್ವಭಾವ ಹೆಸರಿನಲ್ಲೇ ಇದೆಯಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ.

ಒಂದು ಭಾನುವಾರ ಪಕ್ಕದ ಮನೆಯ ಬೋರೇಗೌಡರ ಮಗಳು ಶೋಭಾಳನ್ನು ನೋಡಲು ಹಲಗೂರಿನಿಂದ ಗಂಡಿನ ಕಡೆಯವರು ಬಂದರು. ವ್ಯಾನಿನಿಂದ ಮೊದಲು ಇಳಿದವರು ಹುಡುಗನ ಸೋದರಮಾವ ಚಿಕ್ಕಮರಿಗೌಡರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಅದಕ್ಕೆ ಒಪ್ಪುವ ಮೀಸೆ. ಆ ಮನೆಯಲ್ಲಿ ಅವರು ಹ್ಞೂಂ ಅಂದರೆ ಮದುವೆ, ಉಹ್ಞೂಂ ಅಂದರೆ ಕಾಫಿ ಕುಡಿದು ವಾಪಸ್ಸು. ಅಂಥವರು ಮೊಬೈಲಿನಲ್ಲಿ ಮಾತಾಡುತ್ತಾ ಇಳಿದು, ರಸ್ತೆಯಲ್ಲಿ ಬಿಸಿಲು ಕಾಯಿಸುತ್ತಿದ್ದ ಸಾಧುವಿನ ಬಾಲದ ಮೇಲೆ ಕಾಲಿಟ್ಟರು. ಸಾಧು ತನ್ನ ಹೆಸರನ್ನು ಒಂದು ಗಳಿಗೆ ಮರೆಯಿತು.

ಕೂಗು ಕೇಳಿ ನಾನು ಓಡಿ ಬಂದೆ. ಇನ್ನೊಬ್ಬನಾಗಿದ್ದರೆ ‘ಅಯ್ಯೋ, ಏನಾಯಿತು’ ಅನ್ನುತ್ತಿದ್ದ. ನನ್ನ ಬಾಯಿಂದ ಬಂದ ಮೊದಲ ಮಾತು, “ಅದು ಬೀದಿ ನಾಯಿ.”

ಅಷ್ಟರಲ್ಲಿ ಸಾಧು ನಮ್ಮ ಗೇಟನ್ನು ಮೂತಿಯಿಂದ ತಳ್ಳಿ ಒಳಗೆ ಹೋಗಿ, ತನ್ನ ಸ್ಟೀಲ್ ಬಟ್ಟಲಿನಲ್ಲಿ ನೀರು ಕುಡಿದು, ನನ್ನ ಪಂಚೆಯ ಮೇಲೆ ಮಲಗಿತು. ಚಿಕ್ಕಮರಿಗೌಡರು ಮೀನಖಂಡ ಹಿಡಿದುಕೊಂಡೇ ಅದನ್ನು ನೋಡಿದರು. “ಬೀದಿ ನಾಯಿ ಬಾಳ ಸಲೀಸಾಗಿ ಒಳೀಕೆ ಓಯ್ತದಲ್ಲ ಸಾಮಿ,” ಎಂದರು.

ಒಂದು ವಾದ ಬಿದ್ದರೆ ಇನ್ನೊಂದು ಹೂಡಬೇಕು. ಪೆಟ್ಟು ತಿಂದವನದ್ದೂ ಒಂದು ಪಾಲು ತಪ್ಪಿದ್ದರೆ ನಮ್ಮ ಹೊಣೆ ಅಷ್ಟು ಕಡಿಮೆಯಾಗುತ್ತದೆ. “ನೀವು ಬಾಲ ತುಳಿದಿರಾ ಗೌಡರೇ?” ಎಂದು ಮೃದುವಾಗಿ ಕೇಳಿದೆ.

“ತುಳುದೆ ಕಣ್ ಸಾಮಿ. ಬಾಲ ರಸ್ತೇಲಿತ್ತು, ನಾನೂ ರಸ್ತೇಲಿದ್ದೆ. ರಸ್ತೆ ಸರ್ಕಾರದ್ದು ಅನ್ಕಂದಿದ್ದೆ, ನಿಮ್ ನಾಯಿದು ಅಂತ ಗೊತ್ತಿರ್ನಿಲ್ಲ.”

ನಾನು ಮೂರನೆಯ ವಾದ ಹೂಡುವ ಮೊದಲೇ ವಸಂತ ಬಂದು, “ನಮ್ಮ ನಾಯೀನೇ. ತುಂಬಾ ತಪ್ಪಾಯ್ತು,” ಎಂದುಬಿಟ್ಟಳು. ಇಷ್ಟು ಜನ ಸಾಕ್ಷಿಗಳ ಮುಂದೆ ಹೊಣೆ ಒಪ್ಪಿಕೊಳ್ಳುವವರನ್ನು ನಾನು ಈವರೆಗೆ ಕಂಡಿರಲಿಲ್ಲ. ಸುಮ್ಮನಿರು ಎಂದು ಸೂಚಿಸಲು ಅವಳ ಕಾಲನ್ನು ಮೆಲ್ಲಗೆ ಒತ್ತಿದೆ. ಅವಳು ಗಟ್ಟಿಯಾಗಿಯೇ, “ಯಾಕ್ರೀ ಕಾಲು ತುಳೀತೀರಿ?” ಎಂದಳು.

“ವಸಿ ನೋಡ್ಕಂದು ಸಾಮಿ,” ಎಂದರು ಗೌಡರು. “ತುಳುದ್ರೆ ಏನಾಯ್ತದೆ ಅಂತ ಈಗ್ತಾನೆ ನೋಡುದ್ರಲ್ಲ.”

ಎಲ್ಲರೂ ನಕ್ಕರು, ಬೋರೇಗೌಡರೊಬ್ಬರನ್ನು ಬಿಟ್ಟು. ಅವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುದನಿಯಲ್ಲಿ ಹೇಳಿದರು: “ಮೇಷ್ಟ್ರೇ, ಊರೂರು ತಿರುಗಿ ಇದೊಂದು ಸಂಬಂಧ ಗೊತ್ಮಾಡ್ಕಂಡಿದ್ದೆ. ಬಾಗಲಲ್ಲೇ ಅಪಸಕುನ ಅಂತ ಎದ್ದೋದ್ರೆ ನಾನು ಯಾರ್ನ ಕೇಳ್ಲಿ?” ಕಾಲಿನ ಗಾಯಕ್ಕೆ ಲೆಕ್ಕವಿದೆ. ನಾಯಿ ಕಚ್ಚಿ ಮುರಿದ ಮದುವೆಯನ್ನು ಯಾವ ಲೆಕ್ಕಕ್ಕೆ ಹಾಕುವುದು? ‘ದೂರದ ಪರಿಣಾಮಕ್ಕೆ ಹೊಣೆಯಿಲ್ಲ’ ಎಂದು ಪುಸ್ತಕದಲ್ಲಿದೆ, ನಿಜ. ಆದರೆ ಬೋರೇಗೌಡರು ದೂರದಲ್ಲಿಲ್ಲವಲ್ಲ, ಕಾಂಪೌಂಡಿನ ಆಚೆಯೇ ಇದ್ದಾರೆ.

ಅಷ್ಟರಲ್ಲಿ ಯಾರೋ ಗಾಯಕ್ಕೆ ಕಾಫಿಪುಡಿ ಮೆತ್ತಿ ಅಂದರು, ಇನ್ಯಾರೋ ಸುಣ್ಣ ಅಂದರು. ಶೋಭಾ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಹೆಣ್ಣು ತೋರಿಸುವ ಹೊತ್ತಿಗೆ ಬರಬೇಕಾದವಳು ರೇಷ್ಮೆ ಸೀರೆಯಲ್ಲೇ ಹೊರಗೆ ಬಂದು, “ಏನೂ ಮೆತ್ತಬೇಡಿ, ಮೊದಲು ತೊಳೀಬೇಕು,” ಎಂದು ಗೌಡರನ್ನು ನಲ್ಲಿಯ ಹತ್ತಿರ ಕೂರಿಸಿದಳು. ಸೆರಗು ಸಿಕ್ಕಿಸಿಕೊಂಡು ಬಟ್ಟೆ ಸೋಪು ಹಚ್ಚಿ ತೊಳೆದಳು, ತೊಳೆಯುತ್ತಲೇ ಇದ್ದಳು. ಗೌಡರು “ಸಾಕು ಬುಡವ್ವ” ಅಂದಾಗ “ನಿಮಗೆ ಸಾಕಾದ್ರೆ ಆಯ್ತಾ, ರೋಗಕ್ಕೆ ಸಾಕಾಗ್ಬೇಡ್ವಾ? ಅಲ್ಲಾಡದೆ ಕೂತ್ಕೊಳ್ಳಿ,” ಎಂದು ಗದರಿದಳು. ಬೋರೇಗೌಡರು ಕಣ್ಣು ಮುಚ್ಚಿಕೊಂಡರು. ಆ ಮೀಸೆಯನ್ನು ಗದರಿದವರು ಅದಕ್ಕೆ ಮೊದಲು ಯಾರೂ ಇದ್ದಂತಿರಲಿಲ್ಲ. ಗೌಡರು ಮಾತ್ರ ಅಲ್ಲಾಡದೆ ಕೂತರು.

ಮುಂದಿನ ಕೆಲಸ ನನ್ನದು. ಸ್ಕೂಟರಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಮತ್ತೆ ಯಾವ ಯಾವ ದಿನ ಬರಬೇಕೆಂದು ಹೇಳಿ, ನಾಯಿಯ ಮೇಲೂ ಒಂದು ಕಣ್ಣಿಡಿ ಅಂದರು. ನಾನು ಸಾಧುವನ್ನು ಪಶುವೈದ್ಯರಿಗೂ ತೋರಿಸಿಕೊಂಡು ಬಂದೆ. ಆದರೂ ಅಂದಿನಿಂದ ದಿನಾ ಬೆಳಿಗ್ಗೆ ಹಲಗೂರಿನಿಂದ ಗೌಡರ ಫೋನು. ನಾನು ಕಾಲೇಜಿಗೆ ಹೋಗುವ ಬಸ್ಸು ಮದ್ದೂರು ತಲುಪುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. “ಎಂಗವ್ನೆ ನಿಮ್ಮವ್ನು?” ಬಸ್ಸಿನ ಗದ್ದಲದಲ್ಲಿ ನಾನು ಕೂಗಿ ಹೇಳುತ್ತಿದ್ದೆ: “ರಾತ್ರಿ ಚೆನ್ನಾಗಿ ಮಲಗಿದ. ಬೆಳಿಗ್ಗೆ ಹಾಲು ಕುಡಿದ. ಇಲ್ಲ, ಜೊಲ್ಲು ಸುರಿಸ್ತಿಲ್ಲ. ಯಾರಿಗೂ ಕಚ್ಚಿಲ್ಲ.” ಪಕ್ಕದ ಸೀಟಿನಲ್ಲಿ ದಿನಾ ಕೂರುತ್ತಿದ್ದ ಹೆಂಗಸೊಬ್ಬರು ಕೊನೆಗೆ ತಡೆಯಲಾರದೆ, “ಮಗೀಗೆ ಏನಾಗದೆ ಸಾರ್?” ಎಂದು ಕೇಳಿದರು. ನಾಯಿ ಎಂದು ಹೇಳಲು ನಾಚಿಕೆಯಾಗಿ, “ಈಗ ಪರವಾಗಿಲ್ಲಮ್ಮ,” ಎಂದೆ.

ಇಂಜೆಕ್ಷನ್ ದಿನ ಗೌಡರು ಬಸ್ಸಿನಲ್ಲಿ ಬಂದು ಇಳಿಯುವರು, ನಾನು ಸ್ಕೂಟರಿನಲ್ಲಿ ಕಾಯುವೆ. ಪರಿಹಾರ ಎಂದರೆ ಪೆಟ್ಟು ಬಿದ್ದವನನ್ನು ಪೆಟ್ಟಿಗೆ ಮುಂಚಿನ ಸ್ಥಿತಿಗೆ ತಂದು ನಿಲ್ಲಿಸುವುದು ಎಂದು ನಾನು ಪಾಠ ಮಾಡುತ್ತೇನೆ. ವಸಂತ ಅವರನ್ನು ಅದಕ್ಕಿಂತ ಬಹಳ ಮುಂದಕ್ಕೆ ಒಯ್ದಳು. ಅವರೆಕಾಳು ಸಾರು, ಮುದ್ದೆ, ಮೇಲೆ ತುಪ್ಪ. ಗೌಡರು ಉಂಡು ಜಗಲಿಯ ಮೇಲೆ ಒರಗಿದರೆ, ಸಾಧು ಹೋಗಿ ತಾನು ಕಚ್ಚಿದ ಕಾಲಿಗೇ ಒರಗಿ ನಿದ್ದೆ ಮಾಡುತ್ತಿತ್ತು. ಮದುವೆಯ ವಿಷಯ ಮಾತ್ರ ಅವರು ಎತ್ತುತ್ತಿರಲಿಲ್ಲ. ಬೋರೇಗೌಡರು ಕಾಂಪೌಂಡಿನ ಆಚೆ ಸುಳಿದಾಡಿ ಸುಳಿದಾಡಿ ಸಣ್ಣಗಾಗುತ್ತಿದ್ದರು. ಕೊನೆಗೆ ಒಂದು ದಿನ ಸ್ಕೂಟರಿನಲ್ಲಿ ಹೋಗುವಾಗ ನಾನೇ ಕೇಳಿದೆ.

“ಏ, ಅದಾಗ್ಲೇ ಆದಂಗೇಯ,” ಎಂದು ನನ್ನ ಬೆನ್ನ ಹಿಂದಿನಿಂದ ಗೌಡರು ಹೇಳಿದರು. “ನಮ್ ಉಡ್ಗ ಬೆಣ್ಣೆ ಮುದ್ದೆ. ಅವನ್ಗೆ ಗದರೋಳು ಒಬ್ಬಳು ಬೇಕಿತ್ತು. ನನ್ನೇ ಗದರುದ್ಲಲ್ಲ, ಅಲ್ಲೇ ನಾನು ಊಂ ಅಂದ್ಬುಟ್ಟೆ. ಆ ಎಣ್ಮಗ, ಅವರಪ್ಪಂಗೆ ಈಗ್ಲೇ ಏಳ್ಬೇಡಿ, ಫೋನಲ್ಲಿ ಉಡ್ಗನ್ ತಾವ ವಸಿ ಮಾತಾಡ್ಕಂದು ಒಪ್ಕತೀನಿ ಅಂದದೆ ಅಂತ ಕಾಯ್ತಿದ್ದೊ. ನೆನ್ನೆ ಒಪ್ಕಂತು.”

ಬೋರೇಗೌಡರು ಲಾಡು ತಂದರು. ಮೊದಲನೆಯದನ್ನು ಸಾಧುವಿಗೆ ಹಾಕಿ ಆಮೇಲೆ ನನಗೆ ಕೊಟ್ಟರು.

ಇಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಆದರೆ ಓದಿದ್ದು ಸುಮ್ಮನಿರಲು ಬಿಡಬೇಕಲ್ಲ. ಅಪಾಯವಿದೆ ಎಂದು ಮೊದಲೇ ತಿಳಿಸಿದ್ದು, ತಿಳಿದೂ ಒಬ್ಬ ಬಂದರೆ, ಆಮೇಲೆ ಅವನು ದೂರುವಂತಿಲ್ಲ ಎಂಬುದೊಂದು ತತ್ವವಿದೆ. ಅದರಂತೆ ‘ನಾಯಿ ಇದೆ, ಎಚ್ಚರಿಕೆ’ ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿದೆ. ಕುರ್ಚಿ ಹತ್ತಿ ಗೇಟಿನ ಕಂಬಕ್ಕೆ ಮೊಳೆ ಹೊಡೆಯುತ್ತಿದ್ದೆ. ಸುತ್ತಿಗೆ ಕೈ ಜಾರಿ ಕೆಳಗೆ ಮಲಗಿದ್ದ ಸಾಧುವಿನ ಮಗ್ಗುಲಲ್ಲೇ ಬಿತ್ತು. ಬೆಚ್ಚಿ ಎದ್ದ ಸಾಧು, ಸುತ್ತಿಗೆ ಎತ್ತಿಕೊಳ್ಳಲು ನಾನು ಕುರ್ಚಿ ಇಳಿದು ಚಾಚಿದ ಕೈಗೆ ಬಾಯಿ ಹಾಕಿತು. ವಸಂತ ಓಡಿ ಬಂದು ರಕ್ತ ನೋಡಿದಳು, ಬೋರ್ಡು ನೋಡಿದಳು. “ಅಷ್ಟು ದಪ್ಪಗೆ ಬರೆಸಿದೀರಲ್ಲ, ಓದ್ಲಿಲ್ವೇ?” ಎಂದಳು.

ಆಸ್ಪತ್ರೆಯಲ್ಲಿ ಚಿಕ್ಕಮರಿಗೌಡರು, ಬಸ್ಸು ಇಳಿದಾಗ ನನ್ನನ್ನು ಕಾಣದೆ ತಾವೇ ನಡೆದು ಬಂದು, ತಮ್ಮ ಕೊನೆಯ ಇಂಜೆಕ್ಷನ್ನಿಗೆ ಕೂತಿದ್ದರು. ನನ್ನ ಕೈಗೆ ಸುತ್ತಿದ್ದ ಬಟ್ಟೆ ನೋಡಿ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಸೂಜಿ ಎಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ನರ್ಸು ಬಂದಾಗ ನಾನು ಕಣ್ಣು ಮುಚ್ಚಿ ಗೌಡರ ಕೈ ಹಿಡಿದುಕೊಂಡೆ. ‘ಅಮ್ಮಾ’ ಅಂದದ್ದೂ ನಿಜ. ಹೊರಗೆ ಬಂದ ಮೇಲೆ, “ಗೌಡರೇ, ಇದನ್ನು ಯಾರಿಗೂ ಹೇಳಬೇಡಿ,” ಎಂದೆ. “ನಾನ್ಯಾಕೆ ಏಳ್ಲಿ, ಬುಡಿ ಸಾಮಿ,” ಎಂದರು.

ನಾನು ಔಷಧಿ ತೆಗೆದುಕೊಂಡು ಮನೆ ಸೇರುವಷ್ಟರಲ್ಲಿ ಆಟೋದಲ್ಲಿ ಮುಂದೆ ಹೋಗಿದ್ದ ಗೌಡರು ನಮ್ಮ ಜಗಲಿಯ ಮೇಲೆ ಕೂತು, ವಸಂತ, ಬೋರೇಗೌಡರು, ಶೋಭಾ ಎಲ್ಲರಿಗೂ ನಾನು ಕೂಗಿದ ‘ಅಮ್ಮಾ’ವನ್ನು ಅದೇ ರಾಗದಲ್ಲಿ ಕೂಗಿ ತೋರಿಸುತ್ತಿದ್ದರು. ನನಗೆ ಸಿಟ್ಟು ಬಂತು. ನಾಲ್ಕು ಜನರ ಮುಂದೆ ಒಬ್ಬನ ಮರ್ಯಾದೆ ತೆಗೆದರೆ ಮಾನಹಾನಿ, ಅದೂ ಅಪಕೃತ್ಯವೇ, ದಾವೆ ಹೂಡಬಹುದು ಎಂದುಕೊಂಡು ಗೇಟು ತೆಗೆದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಮುಂದಿನ ಸಾಲೂ ನೆನಪಾಯಿತು: ಹೇಳಿದ್ದು ಸತ್ಯವೇ ಆಗಿದ್ದರೆ ಆ ದಾವೆ ನಿಲ್ಲುವುದಿಲ್ಲ. ಚಪ್ಪಲಿ ಬಿಟ್ಟು, ಅವರ ಪಕ್ಕದಲ್ಲಿ ಕೂತು, ನಾನು ಕೂಗಿದ್ದು ಅಷ್ಟೇನೂ ಗಟ್ಟಿಯಾಗಿರಲಿಲ್ಲ ಎಂದಷ್ಟೇ ತಕರಾರು ತೆಗೆದೆ.