ಸಂತೆಯ ಪಾಯಖಾನೆಗೆ ನಾಲ್ಕು ಸಭೆ

ನಾಲ್ಕು ಮಂದಿ ಕೂಡಿದಾಗ ಆಡುವ ಮಾತು ಒಂದು, ಕೈ ಎತ್ತುವಾಗ ನೆನಪಾಗುವ ಮಾತು ಇನ್ನೊಂದು. ಇದು ಎಲ್ಲ ಊರಲ್ಲೂ ನಡೆಯುತ್ತದೆ, ನಡೆಯುತ್ತಲೇ ಇರುತ್ತದೆ. ನಾನು ಇದನ್ನು ಹತ್ತಿರದಿಂದ ನೋಡಿದ್ದು ಮೈಕಿನ ದೆಸೆಯಿಂದ. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಎರಡು ಹಾರ್ನು, ಒಂದು ಆಂಪ್ಲಿಫೈಯರ್ ಕಟ್ಟಿಕೊಂಡು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ತಿರುಗಿದೆ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಜಿಲ್ಲೆಯಾದ ಮೇಲೆ ಮೈಕ್ ಇಲ್ಲದೆ ಸಭೆ ಮಾಡಿದರೆ ಮರ್ಯಾದೆ ಏನು ಉಳಿಯಿತು ಅಂತ ಒಂದು ಸಣ್ಣ ಊರಿನ ಪುರಸಭೆಯವರು ನನ್ನನ್ನು ಕರೆಸತೊಡಗಿದರು. ಯಾವ ಊರು ಅಂತ ಹೇಳೋದಿಲ್ಲ. ಆ ಊರಿನ ಮದುವೆಗಳಿಗೆ ಈಗಲೂ ನನ್ನದೇ ಮೈಕ್.

ಜಾಗ

ಸಂತೆಪೇಟೆಯ ವಾರ್ಡಿನಿಂದ ಆರಿಸಿ ಬಂದಾಕೆ ಬಳೆ ಮಾರುವ ಹೆಣ್ಣುಮಗಳು. ಅಕ್ಕ ಅನ್ನೋ ಹಾಗೆ ಎಲ್ಲರೂ ಆಪಾ ಅಂತಿದ್ದರು. ಸದಸ್ಯೆ ಆದ ಮೇಲೆ ಬಳೆಯ ಬುಟ್ಟಿಯ ಮುಂದೆ ಸೊಸೆ ಕೂತಳು. ಆಪಾ ಮೊದಲ ಸಭೆಯಲ್ಲೇ ಎದ್ದು ನಿಂತು ಕೇಳಿದ್ದು ಒಂದೇ.

"ಸಂತ್ಯಾಗ ಹೆಣ್ಮಕ್ಕಳಿಗೆ ಪಾಯಖಾನಿ ಇಲ್ರಿ. ಹೋಗೂದು ಎಲ್ಲಿ ಅಂತ ಮುಂಜಾನಿಂದ ಯಾರೂ ನೀರ ಕುಡಿಯಂಗಿಲ್ಲ. ನನ್ನ ಸೊಸಿಗೆ ಉರಿಮೂತ್ರ ಹತ್ತೇತಿ. ನೀರ ಕುಡೀಬೇಕು ಅಂತ ಡಾಕ್ಟರ್ ಎರಡ ಸಲ ಹೇಳ್ಯಾರ. ಆಕಿ ಗಿಂಡಿ ಮುಟ್ಟಂಗಿಲ್ಲ."

ಎಲ್ಲರೂ ಮೇಜು ಗುದ್ದಿ ಒಪ್ಪಿದರು. ಪಾಯಖಾನೆ ಆಗಲೇಬೇಕು. ಆದರೆ ಎಲ್ಲಿ?

ಪುರಸಭೆಯ ಖಾಲಿ ಜಾಗ ಪೇಟೆಯಲ್ಲಿ ಇದ್ದದ್ದು ಒಂದೇ, ಅದೂ ಅಧ್ಯಕ್ಷರ ಅರಿವೆ ಅಂಗಡಿಯ ಪಕ್ಕ. ಅಧ್ಯಕ್ಷರು ಕೆಮ್ಮಿದರು. "ಲಗ್ನದ ಸೀರಿ ಆರಸಾಕ ಬರೋ ಮಂದಿಗೆ ಬಾಗಲದಾಗ ಅದು ಕಂಡ್ರ ಹೆಂಗ್ರಿ?" ಒಬ್ಬರು ಬಸ್ ಸ್ಟ್ಯಾಂಡ್ ಅಂದರು. ಅಲ್ಲಿ ಉಪಾಧ್ಯಕ್ಷರ ಖಾನಾವಳಿ. ಇನ್ನೊಬ್ಬರು ಗೋದಾಮಿನ ಹಿಂದೆ ಅಂದರು. ಗೋದಾಮು ಇನ್ನೊಬ್ಬ ಸದಸ್ಯರ ಅಳಿಯನದು. ಹೀಗೆ ಸರಿಸುತ್ತ ಸರಿಸುತ್ತ ಊರ ಹೊರಗಿನ ಹಳ್ಳದ ದಂಡೆಗೆ ಎಲ್ಲರೂ ಒಪ್ಪಿದರು. ಸಂತೆಯಿಂದ ಒಂದೂವರೆ ಮೈಲಿ.

ಆಪಾ ಕೈ ಮುಗಿದು ಹೇಳಿದಳು: "ಜಾಗಾ ಚಲೋ ಐತ್ರಿ ಸಾಹೇಬ್ರ. ಆದ್ರ ಅಲ್ಲಿ ತನಕ ಹೋಗಿ ತಿರುಗಿ ಬರೂದ್ರಾಗ ಮತ್ತ ಬರ್ತೈತಿ."

ಮೈಕ್

ಮುಂದಿನ ಸಭೆಯಲ್ಲಿ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. "ಆಪಾ ಎದ್ದ ಕೂಡಲೇ ಆಕಿ ಮೈಕ್ ಬಂದ್ ಮಾಡು. ಕರೆಂಟ್ ಹೋತು ಅನ್ನು." ಕರೆದು ಕೆಲಸ ಕೊಟ್ಟವರು, ಇಲ್ಲ ಅನ್ನಲಾಗಲಿಲ್ಲ. ಆಪಾ ಎದ್ದಳು, ನಾನು ಗುಂಡಿ ತಿರುಗಿಸಿದೆ. ಆಕೆ ಮೈಕಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದಳು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಆಕೆ ಮೈಕನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿ ಬಾಯಿ ತೆರೆದಳು. ತುಂಬಿದ ಸಂತೆಯಲ್ಲಿ, ಉಳ್ಳಾಗಡ್ಡಿಯವನ ಕೂಗಿನ ಮೇಲೆ, ಎತ್ತು ಮಾರುವವರ ಜಗಳದ ಮೇಲೆ "ಹಸರ ಬಳೀ" ಅಂತ ಕೂಗಿ ಕೂಗಿ ಪಳಗಿದ ಗಂಟಲು ಅದು. ಕಿಟಕಿಯ ಗಾಜು ಗುಂಯ್ ಅಂದವು. ಹೊರಗೆ ಪೇಟೆಯಲ್ಲಿ ಹೋಗುತ್ತಿದ್ದ ಮಂದಿ ನಿಂತು ಕೇಳಿತು.

ಅಧ್ಯಕ್ಷರು ಕೆಂಪಗಾಗಿ ನನ್ನ ಕಡೆ ತಿರುಗಿದರು. "ಲೇ, ಬಂದ್ ಮಾಡಂದ್ರ ದೊಡ್ಡದ ಮಾಡೀ ಏನಲೇ?"

"ಬಂದ್ ಐತ್ರಿ ಸಾಹೇಬ್ರ," ಅಂದೆ. "ಹಚ್ಚಿ ತೋರಸ್ಲೇನ್ರಿ?"

ಬೇಡ ಅಂತ ಎರಡೂ ಕೈ ಅಲ್ಲಾಡಿಸಿದರು.

ಕಿಟಕಿ

ಆ ಪುರಸಭೆಯಲ್ಲಿ ಆರಿಸಿ ಬಂದ ಹೆಣ್ಣುಮಕ್ಕಳ ಕುರ್ಚಿಯ ಪಕ್ಕ ಅವರ ಗಂಡಂದಿರೂ ಕುರ್ಚಿ ಹಾಕಿಕೊಂಡು ಕೂಡುವ ರೂಢಿ ಇತ್ತು. ಹೊಸದಾಗಿ ಬಂದ ಮುಖ್ಯಾಧಿಕಾರಿ ಅದನ್ನು ನಿಲ್ಲಿಸಿದರು. ಗಂಡಂದಿರು ಜಗಳ ಮಾಡಲಿಲ್ಲ. ಹೊರಗೆ ಹೋಗಿ ಕಿಟಕಿಗೆ ನಿಂತರು. ಟವೆಲ್ಲು ಹೆಗಲ ಮೇಲಿದ್ದರೆ ಹೆಂಡತಿ ಕೈ ಎತ್ತಬೇಕು. ತಲೆಗೆ ಸುತ್ತಿಕೊಂಡರೆ ಸುಮ್ಮನೆ ಕೂಡಬೇಕು. ಮೂಲೆಯಲ್ಲಿ ಕೂತವನಿಗೆ ಎಲ್ಲ ಕಾಣುತ್ತದೆ. ಎರಡು ಸಭೆಗೆ ನನಗೂ ಅದು ಬಾಯಿಪಾಠ ಆಗಿತ್ತು.

ಆಪಾನಿಗೆ ಗಂಡ ತೀರಿ ಬಹಳ ವರ್ಷ. ಆಕೆ ಕಿಟಕಿಯ ಕಡೆ ಬೆನ್ನು ಮಾಡಿ ಕೂಡುತ್ತಿದ್ದಳು.

ಆಷಾಢದ ಒಂದು ದಿನ ಪಾಯಖಾನೆಯನ್ನು ಮತಕ್ಕೆ ಹಾಕಿದರು. ಆಪಾ ಹಟ ಹಿಡಿದು ಕೇಳಿದ ಜಾಗ ಅಧ್ಯಕ್ಷರ ಅಂಗಡಿಯ ಪಕ್ಕ. ಕಿಟಕಿಯಲ್ಲಿ ಟವೆಲ್ಲು ಸಾಲಾಗಿ ತಲೆಗೇರಿದವು. ಅಷ್ಟರಲ್ಲಿ ಕಪ್ಪತಗುಡ್ಡದ ಕಡೆಯಿಂದ ಗಾಳಿ ನುಗ್ಗಿತು. ಕಾಗದವೆಲ್ಲ ಮೇಲಕ್ಕೆ ಹಾರಿದವು. ಸಿಪಾಯಿ ಓಡಿ ಬಂದು ದಬದಬ ಅಂತ ಎಲ್ಲ ಕಿಟಕಿ ಹಾಕಿ ಚಿಲಕ ಜಡಿದ.

ಹೆಣ್ಣುಮಕ್ಕಳು ಮುಚ್ಚಿದ ಕಿಟಕಿಯನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಕೈ ಮೇಲೆ ಬಂತು, ಬಳೆ ಸದ್ದಾಯಿತು. ಆಮೇಲೆ ಇನ್ನೊಂದು, ಮತ್ತೊಂದು. ಆ ಕೈಗಳಿಗೆಲ್ಲ ಬಳೆ ಇಟ್ಟವಳು ಆಪಾನೇ.

ಮುಖ್ಯಾಧಿಕಾರಿ ಎಣಿಸಿ ಮುಗಿಸುವುದರೊಳಗೆ ಅಧ್ಯಕ್ಷರು ಎದ್ದು ನಿಂತರು. "ಗಾಳಿ ಭಾಳ ಐತಿ. ವಿಷಯ ಮುಂದೂಡೇವಿ."

ಹೊರಗೆ ಒಬ್ಬ ಗಂಡ ಹೆಂಡತಿಯನ್ನು ಅಡ್ಡಗಟ್ಟಿ ಕೇಳಿದ: "ಯಾರನ್ನ ಕೇಳಿ ಕೈ ಎತ್ತಿದಿ?"

"ನೀವು ಕಾಣಲಿಲ್ಲ," ಅಂದಳು ಆಕೆ. "ಅದಕ್ಕ ನಾನ ವಿಚಾರ ಮಾಡಿದೆ."

ಮಜ್ಜಿಗೆ

ಆಷಾಢದಲ್ಲಿ ಮುಂದೂಡಿದ್ದು ಸಭೆಯಿಂದ ಸಭೆಗೆ ಜಾರುತ್ತ ಬೇಸಿಗೆಗೆ ಬಂತು. ಆಪಾನ ಸೊಸೆ ನಡುವೆ ಒಮ್ಮೆ ಬಳೆಯ ಬುಟ್ಟಿಯ ಮೇಲೆಯೇ ತಲೆ ತಿರುಗಿ ಬಿದ್ದಳು. ಎಬ್ಬಿಸಿದವರು ನೀರು ಕೊಟ್ಟರೆ ಆಕೆ ಬರೀ ತುಟಿ ಒದ್ದೆ ಮಾಡಿಕೊಂಡಳಂತೆ. ಅವತ್ತಿನಿಂದ ಆಪಾ ಸಭೆಗೆ ಬಂದರೆ ಯಾರ ಜೋಡಿಯೂ ಹೆಚ್ಚು ಮಾತಾಡುತ್ತಿರಲಿಲ್ಲ.

ಆ ಬೇಸಿಗೆಯ ಸಭೆಯ ದಿನ ಲಕ್ಷ್ಮೇಶ್ವರದಲ್ಲಿ ದಲ್ಲಾಳಿ ಅಂಗಡಿಯ ಸಾಹುಕಾರರೊಬ್ಬರ ಮನೆಯ ಮದುವೆ. ಬಹಳಷ್ಟು ಸದಸ್ಯರು ಊಟಕ್ಕೆ ಹೋಗಿದ್ದರು. ಇಲ್ಲಿ ಬಂದವರು ಅಧ್ಯಕ್ಷರೂ ಸೇರಿ ಎಂಟೇ ಮಂದಿ. ಎಂಟು ಇದ್ದರೆ ಸಭೆ, ಏಳಾದರೆ ರದ್ದು. ರದ್ದಾಗುವುದು ಅಧ್ಯಕ್ಷರಿಗೆ ಬೇಕಾಗಿರಲಿಲ್ಲ. ಅವರ ಅಂಗಡಿಯ ಮುಂದಿನ ರಸ್ತೆಯ ಠರಾವು ಅವತ್ತು ಸಂಜೆಯೊಳಗೆ ಜಿಲ್ಲಾ ಕಚೇರಿಗೆ ಮುಟ್ಟಬೇಕಿತ್ತು.

"ಮುಂದೂಡಿದ್ದು ಮೊದಲು ಬರ್ತೈತ್ರಿ," ಅಂದರು ಮುಖ್ಯಾಧಿಕಾರಿ. "ಪಾಯಖಾನಿ ಮುಗೀಲಿ, ಆಮ್ಯಾಲ ರಸ್ತೆ."

"ಭಾಳ ಬಿಸಿಲೈತಿ, ಎಲ್ಲಾರೂ ಒಂದೀಟ ಮಜ್ಜಿಗಿ ತಗೋರಿ," ಅಂದಳು ಆಪಾ. ಮನೆಯಿಂದ ಒಂದು ಕೊಡ ತರಿಸಿದ್ದಳು. ಶುಂಠಿ, ಕೊತ್ತಂಬರಿ, ಉಪ್ಪು ಹಾಕಿದ ತಣ್ಣನೆ ಮಜ್ಜಿಗೆ. ಎಲ್ಲರೂ ಮೂರು ಮೂರು ಗ್ಲಾಸು ಕುಡಿದರು. ಆಪಾನೂ ಕುಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ಮುಂಜಾನಿ ಆರಕ್ಕ ಬುಟ್ಟಿ ಇಳಸ್ತೀವ್ರಿ," ಅಂತ ಶುರು ಮಾಡಿದಳು. ಆರಕ್ಕೆ ಏನು, ಆರೂವರೆಗೆ ಏನು, ಏಳಕ್ಕೆ ಯಾರು ಬರುತ್ತಾರೆ, ಯಾವಾಗ ಬಿಸಿಲು ಏರುತ್ತದೆ, ಯಾವಾಗ ಮೊದಲು ಹೊಟ್ಟೆಯ ಕೆಳಗೆ ಭಾರ ಆಗುತ್ತದೆ. ಅವಸರವಿಲ್ಲ. ಒಂದೊಂದೇ ಬಳೆ ಏರಿಸಿದ ಹಾಗೆ.

ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ. ಮೊದಲು ಒಂದು ಕಾಲು ಅಲ್ಲಾಡಿತು, ಆಮೇಲೆ ಎರಡೂ. ಖಾನಾವಳಿಯ ಉಪಾಧ್ಯಕ್ಷರು ಮೆಲ್ಲಗೆ ಎದ್ದರು.

"ನೀವು ಹೊರಗ ಹೋದ್ರ ಏಳ ಮಂದಿರಿ, ಸಭಾ ರದ್ದು," ಅಂದರು ಮುಖ್ಯಾಧಿಕಾರಿ.

"ಕುಂಡ್ರೋ ಮಾರಾಯಾ!" ಅಂತ ಅಧ್ಯಕ್ಷರು ಅವರ ಅಂಗಿ ಜಗ್ಗಿದರು. ತಾವೂ ಒಂದು ತೊಡೆಯ ಮೇಲೆ ಇನ್ನೊಂದು ತೊಡೆ ಬಿಗಿಯಾಗಿ ಹಾಕಿಕೊಂಡರು. "ಆಪಾ, ಬೇಗ ಮುಗಸವಾ."

"ಈಗ ಮುಂಜಾನಿ ಹತ್ತರ ತನಕ ಹೇಳೇನ್ರಿ ಅಧ್ಯಕ್ಷರ," ಅಂದಳು ಆಪಾ. "ಸಂತಿ ಸಂಜಿ ಏಳರ ತನಕ ಇರ್ತೈತಿ."

ಅಧ್ಯಕ್ಷರ ಹಣೆಯಲ್ಲಿ ಬೆವರು. ಒಂದು ಸಲ ಬಾಗಿಲು ನೋಡಿದರು, ಒಂದು ಸಲ ರಸ್ತೆಯ ಕಾಗದ ನೋಡಿದರು. ಆಮೇಲೆ ಆಪಾನ ಮುಖ ನೋಡಿದರು. ಆ ಹೆಣ್ಣುಮಗಳು ಏನು ಹೇಳುತ್ತಿದ್ದಾಳೆ ಅಂತ ಅವರಿಗೆ ಅವತ್ತೇ ಮೊದಲ ಸಲ ತಿಳಿದಿರಬೇಕು.

"ಒಪ್ಪಿಗಿ ಐತಿ! ಎಲ್ಲಾರೂ ಕೈ ಎತ್ರಿ!"

ಎಂಟಕ್ಕೆ ಎಂಟು ಕೈ ಎದ್ದವು. ಮುಖ್ಯಾಧಿಕಾರಿ ಪೆನ್ನಿನ ಟೊಪ್ಪಿಗೆ ತೆಗೆದು ಸಾವಕಾಶ ಕೇಳಿದರು: "ಎಲ್ಲಿ ಕಟ್ಟೂದು ಅಂತ ಬರೀಲ್ರಿ?"

"ನನ್ನ ಅಂಗಡಿ ಬಾಜೂಕ ಬರಿಯೋ! ಬೇಕಾದ್ರ ಅಂಗಡ್ಯಾಗ ಕಟ್ಟು! ಜಲ್ದಿ ಬರಿ! ರಸ್ತಾನೂ ಪಾಸು, ಸಭಾನೂ ಮುಗೀತು!"

ಏಳು ಮಂದಿ ಒಂದೇ ಬಾಗಿಲಿಗೆ ನುಗ್ಗಿದರು. ಕಚೇರಿಯಲ್ಲಿ ಇದ್ದದ್ದು ಒಂದೇ ಪಾಯಖಾನೆ. ಪಡಸಾಲೆಯಲ್ಲಿ ಅಧ್ಯಕ್ಷರು "ನಾ ಅಧ್ಯಕ್ಷ ಅದೀನಿ" ಅಂತ ಕೂಗುವುದು ನನಗೆ ಮೈಕ್ ಇಲ್ಲದೆಯೇ ಕೇಳಿಸಿತು. ಮಳೆಗಾಲದೊಳಗೆ ಪಾಯಖಾನೆ ಕಟ್ಟಿದರು. ಅರಿವೆ ಅಂಗಡಿಯ ವ್ಯಾಪಾರವೂ ಕಡಿಮೆ ಆಗಲಿಲ್ಲ.

ಆದರೆ ಅವತ್ತು ಮುಖ್ಯಾಧಿಕಾರಿ ಠರಾವಿನ ಕಾಗದ ಹಿಡಿದು ತಮ್ಮ ಕೋಣೆಗೆ ಹೋದ ಮೇಲೆ ಖಾಲಿ ಸಭೆಯಲ್ಲಿ ಉಳಿದವರು ನಾವಿಬ್ಬರೇ. ಆಪಾ ಕೂತು ಖಾಲಿ ಗ್ಲಾಸುಗಳನ್ನು ಒಂದರೊಳಗೆ ಒಂದು ಹಾಕುತ್ತಿದ್ದಳು. ನಾನು ವೈರು ಸುತ್ತುತ್ತ ಕೇಳಿದೆ, "ಆಪಾ, ನೀನೂ ಮೂರ ಗ್ಲಾಸ ಕುಡದೀಯಲ್ಲ. ನಿನಗ ಅವಸರ ಇಲ್ಲೇನ?"

ಆಕೆ ತಲೆ ಎತ್ತಲಿಲ್ಲ.

"ಮೂವತ್ತ ವರ್ಷ ಸಂತ್ಯಾಗ ಕುಂತೇನೋ ತಮ್ಮಾ. ಇವರು ಒಂದ ತಾಸು ಕುಂತಾರ."