ಕಟ್ಟುವ ಕಾರಿನ ಕಂಪನಿಯವರಿಗೆ, ಒಂದು ಬೆಲ್ಟಿನ ವಿಷಯವಾಗಿ

ಭಟ್ಕಳ, ೪ ಜುಲೈ ೧೯೬೬

ಹಿಮದ ನಾಡಿನಲ್ಲಿ ನೆಲೆಸಿ ಜಗತ್ತಿನ ಸಮಸ್ತ ಎದೆಗೂಡುಗಳ ಕ್ಷೇಮವನ್ನು ಹೊತ್ತಿರುವ ಸ್ಟೆನ್‌ಬೊರ್ಗ್ ಮೋಟಾರು ಕಂಪನಿಯ ಮಾನ್ಯರೇ,

ಭಟ್ಕಳದ ಬಾಡಿಗೆ ಕಾರಿನ ಮಾಬ್ಲ ಸುಬ್ಬ ನಾಯ್ಕನು ತಮಗೂ, ತಮ್ಮ ಎಂಜಿನಿಯರುಗಳಿಗೂ, ಅವರು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುವ ಮರದ ಗೊಂಬೆಗಳಿಗೂ ಬೇರೆಬೇರೆಯಾಗಿ ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ತಮ್ಮ ಕಾರು ನನಗಿಂತ ಹೆಚ್ಚು ಕ್ಷೇಮ; ಮಾರ್ಚ್ ಮೂವತ್ತೊಂದರಿಂದ ಅದು ನನ್ನ ಕೊಬ್ಬರಿ ಕೊಟ್ಟಿಗೆ ಬಿಟ್ಟು ಕದಲಿಲ್ಲವಾದ್ದರಿಂದ ಅದಕ್ಕೆ ಅಪಘಾತವಾಗುವ ಸಂಭವವೇ ಇಲ್ಲ.

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಮರ್ಯಾದೆಯ ಮಾತು ಎಷ್ಟು ಬೇಕಾದರೂ ಆಡಬಹುದು. ಕಾರಿಗೆ ಹದಿನಾಲ್ಕು ಸಾವಿರದ ಐದುನೂರು. ಮುಂಬಯಿಯಿಂದ ಭಟ್ಕಳಕ್ಕೆ ತರಲು ಮುನ್ನೂರ ಹತ್ತು. ಅದನ್ನು ಶರಾವತಿಯಿಂದ ಎತ್ತಲು ಇಪ್ಪತ್ತೆರಡು ಆಳಿನ ಕೂಲಿ ಮತ್ತು ಎರಡು ಜೋಡಿ ಎತ್ತಿನ ಬಾಡಿಗೆ ನೂರಾ ಎಂಬತ್ತಾರು. ಎಂಜಿನ್ನಿನ ಹೊಟ್ಟೆಯಿಂದ ಕೆಸರು ತೆಗೆಸಲು ಏಳುನೂರ ನಲವತ್ತು. ತಮಗೆ ಇಂಗ್ಲಿಷಿನಲ್ಲಿ ಏಳು ಪತ್ರ ಬರೆಸಲು ನಮ್ಮೂರ ಶಾಲೆಯ ಮಾಸ್ತರರ ಗೌರವಧನ, ಅಂಚೆ ಸೇರಿ ಇಪ್ಪತ್ತೊಂದು. ಕುಮಟೆಯ ಮೋಟಾರು ಕಚೇರಿಗೆ ಒಂಬತ್ತು ಸಲ, ಅದೇ ದಾರಿಗೆ ಬಾಡಿಗೆ ಓಡಿಸುವ ನನ್ನ ವೈರಿ ವೆಂಕಟನ ಕಾರಿನಲ್ಲಿ ಮುಂದೆ ನಾಲ್ಕನೆಯವನಾಗಿ ಒತ್ತರಿಸಿ ಕೂತು ಹೋಗಿಬಂದ ಬಾಬ್ತು ಐವತ್ತನಾಲ್ಕು. ಒಟ್ಟು ಹದಿನೈದು ಸಾವಿರದ ಎಂಟುನೂರ ಹನ್ನೊಂದು ರೂಪಾಯಿ. ಇಷ್ಟಕ್ಕೂ ಕಾರಣವಾದ ವಸ್ತುವಿನ ಅಗಲ ಎರಡು ಇಂಚು.

ಆ ಏಳೂ ಪತ್ರಗಳಿಗೆ ತಾವು ತಪ್ಪದೆ ಉತ್ತರ ಬರೆದಿರಿ, ಆದರೆ ಒಂದನ್ನೂ ಓದಿದಂತೆ ಕಾಣಲಿಲ್ಲ. ಆದ್ದರಿಂದ ಎಂಟನೆಯದನ್ನು ಕನ್ನಡದಲ್ಲಿ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಓದದಿದ್ದರೆ ಈ ಸಲ ತಮ್ಮ ತಪ್ಪಿಲ್ಲ.

ನಾನು ಗಾಡಿಯಲ್ಲಿ ತೆಂಗಿನಕಾಯಿ ಹೇರಿ ಜೀವನ ಶುರುಮಾಡಿದವನು. ಎತ್ತಿನ ಹಿಂದೆ ಹದಿನಾರು ವರ್ಷ ನಡೆದ ಮೇಲೆ, ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರಿಗೆ ಬಾಡಿಗೆ ಕಾರು ಓಡಿಸುವ ಪರ್ಮಿಟ್ಟು ಒಂದನ್ನು ಪಡೆದೆ. ಹೊಲವಿಲ್ಲದ ನನಗೆ ಆ ಕಾಗದವೇ ಹೊಲ. ತಮ್ಮ ದೇಶದ ಹಡಗು ಕಂಪನಿಯ ದೊರೆಯೊಬ್ಬರು ಮುಂಬಯಿ ಬಿಟ್ಟು ಹೊರಟಾಗ ಅವರ ಕಾರನ್ನು ೧೯೬೨ರಲ್ಲಿ ಕೊಂಡೆ. ಅದರೊಡನೆ ತಮ್ಮ ಕಂಪನಿಯ ಚರಿತ್ರೆಯ ಪುಸ್ತಕವೂ ಬಂತು. ಮಾಸ್ತರರು ಅದನ್ನು ಮೂರು ಸಂಜೆ ಕೂತು ಓದಿ ಹೇಳಿದರು. ೧೯೩೧ರ ಚಳಿಗಾಲದಲ್ಲಿ ತಮ್ಮ ಸ್ಥಾಪಕರ ಭಾವಮೈದುನ ಹೆಪ್ಪುಗಟ್ಟಿದ ಸರೋವರದ ಮೇಲೆ ಕಾರು ಓಡಿಸಿ ಬೇಲಿಗೆ ಗುದ್ದಿ ಮೂರು ಹಲ್ಲು ಕಳೆದುಕೊಂಡನಂತೆ. ಆ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದು ಸ್ಥಾಪಕರು ಇನ್ನು ಮೇಲೆ ಯಾರ ಹಲ್ಲೂ ಬೀಳಗೊಡೆನೆಂದು ಶಪಥ ಮಾಡಿದರಂತೆ. ನಮ್ಮ ಕಡೆ ಭಾವಮೈದುನನ ಹಲ್ಲು ಬಿದ್ದರೆ ಕೋರ್ಟಿನಲ್ಲಿ ದಾವೆ ಹುಟ್ಟುತ್ತದೆ, ತಮ್ಮಲ್ಲಿ ಕಂಪನಿ ಹುಟ್ಟಿತು. ಆ ಸಂಸ್ಕಾರಕ್ಕೆ ನಾನು ತಲೆಬಾಗುತ್ತೇನೆ. ಒಡೆದರೂ ಚೂರಾಗದ ಗಾಜು, ಗುದ್ದಿದರೆ ಮೆತ್ತಗಿರುವ ಹಲಗೆ, ಕೊನೆಗೆ ೧೯೬೦ರಲ್ಲಿ ಹೆಗಲಿನಿಂದ ಸೊಂಟಕ್ಕೆ ಇಳಿಯುವ ಬೆಲ್ಟು, ಹೀಗೆ ಒಂದೊಂದಾಗಿ ತಾವು ಮಾಡುತ್ತ ಬಂದಿರಿ. ಮುಂದಿನ ಎರಡು ಆಸನಕ್ಕೆ ಎರಡು ಬೆಲ್ಟು. ಅದಕ್ಕಾಗಿ ಆರು ವರ್ಷ ಗೊಂಬೆಗಳನ್ನು ಗೋಡೆಗೆ ಗುದ್ದಿಸಿದಿರಂತೆ. ಒಂದು ಮಾತು ತಿಳಿಸಿದ್ದರೆ ನಮ್ಮ ಮಂಕಿ ಊರಿನ ಗುಂಡಿಬಿದ್ದ ರಸ್ತೆಯಲ್ಲಿ ಅದೇ ಕೆಲಸ ಒಂದು ಬೆಳಗ್ಗೆಯಲ್ಲಿ ಮುಗಿಯುತ್ತಿತ್ತು.

ಆದರೆ ಸುರಕ್ಷತೆಯನ್ನು ಕಣ್ಣಿಗೆ ಕಾಣುವಂತೆ ತೂಗುಹಾಕಿದರೆ ಏನಾಗುತ್ತದೆಂಬುದನ್ನು ತಮ್ಮ ಗೊಂಬೆಗಳು ತಮಗೆ ಹೇಳಿರಲಾರವು. ಧಾರೇಶ್ವರದಿಂದ ಕುಮಟೆಯ ಸಂತೆಗೆ ಬಸಳೆ ತರುವ ಹೊನ್ನಮ್ಮನಿಗೆ ಮೊದಲ ದಿನ ಬೆಲ್ಟು ತೊಡಿಸಹೋದಾಗ ಅವಳು ಬುಟ್ಟಿಯ ಸಮೇತ ಕೆಳಗಿಳಿದು, "ಗಾಡಿ ಬೀಳೂದಿಲ್ಲ ಅಂದ್ರೆ ಕಟ್ಟೂದು ಎಂತಕೆ? ಕಟ್ತ್ರಿ ಅಂದ್ಮೇಲೆ ಬೀಳ್ತದೆ ಅಂತಾತಲಾ?" ಎಂದಳು. ಮಾಸ್ತರರಿಂದ ತಮ್ಮ ಪುಸ್ತಕವನ್ನು ಮತ್ತೊಮ್ಮೆ ಓದಿಸಿದೆ; ಗೊಂಬೆಗಳು ಹೀಗೆ ಕೇಳಿದ ದಾಖಲೆ ಅದರಲ್ಲಿಲ್ಲ. ಒಂದು ಮದುವೆಯವರು ಮುಂಗಡ ಹಿಂದಕ್ಕೆ ಪಡೆದು, ಮದುಮಗನನ್ನು ಕಟ್ಟಿ ತಂದರೆಂದು ಬೀಗರು ಆಡಿಕೊಳ್ಳುತ್ತಾರೆಂದರು. ತಿಂಗಳೊಪ್ಪತ್ತಿನಲ್ಲಿ ನನ್ನದು ಮೂರೂ ಊರಿನಲ್ಲಿ ಕಟ್ಟುವ ಕಾರು ಎಂದೇ ಹೆಸರಾಯಿತು. ನಾಲ್ವರು ಕೂರುವ ಕಡೆ ಇಬ್ಬರನ್ನೇ ಕೂರಿಸಿದ ನಷ್ಟ ಬೇರೆ. ವೆಂಕಟನ ಕಾರಿನ ಎಡಬಾಗಿಲನ್ನು ಕತ್ತದ ಹಗ್ಗ ಹಿಡಿದಿದೆ, ಬಲಬಾಗಿಲನ್ನು ಆತನ ಮೊಣಕೈ ಹಿಡಿದಿದೆ. ಅವನು ನಿಲ್ದಾಣದಲ್ಲಿ ನಿಂತು, "ಬನ್ನಿ ಬನ್ನಿ, ನಂದ್ರಲ್ಲಿ ಬಾಗ್ಲ ಮಾತ್ರ ಕಟ್ತೆ, ಜನ್ರನ್ನ ಕಟ್ಟೂದಿಲ್ಲ" ಎಂದು ಕೂಗಿದರೆ ಜನ ನಗುತ್ತ ಹೋಗಿ ಹತ್ತುತ್ತಿದ್ದರು.

ಆದರೂ ನಾನು ತಮ್ಮ ಪಕ್ಷ ಬಿಡಲಿಲ್ಲ. ಚಾಲಕನು ಬೆಲ್ಟನ್ನು ಯಾವಾಗ ಬಿಚ್ಚಬಹುದೆಂದು ಮೊದಲ ಪತ್ರದಲ್ಲಿ ಕೇಳಿದೆ. ವಾಹನ ಚಲಿಸುತ್ತಿರುವವರೆಗೂ ಬಿಚ್ಚತಕ್ಕದ್ದಲ್ಲವೆಂದು ತಾವು ಅಪ್ಪಣೆ ಕೊಡಿಸಿದಿರಿ. ನಾನು ಅದನ್ನು ಕನ್ನಡ ಮಾಡಿಸಿ ಗಾಜಿನ ಒಳಗೆ ಅಂಟಿಸಿ, ಬಿಚ್ಚಿದ ಸಲಕ್ಕೆ ನಾಲ್ಕಾಣೆ ದಂಡವೆಂದು ನನ್ನ ಚಾಲಕ ಅಣ್ಣಪ್ಪನಿಗೆ ತಿಳಿಸಿದೆ. ಅಣ್ಣಪ್ಪ ಮೊದಲ ತಿಂಗಳಲ್ಲಿ ಮೂರೂಕಾಲು ರೂಪಾಯಿ ತೆತ್ತ. ಎರಡನೆಯ ತಿಂಗಳಿನಿಂದ ಒಂದು ಪೈಸೆಯನ್ನೂ ತೆರಲಿಲ್ಲ. ಅವನ ಈ ಸುಧಾರಣೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಇನ್ನು ತಮ್ಮ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ. ಭಟ್ಕಳದಿಂದ ಕುಮಟೆಗೆ ಹೋಗುವ ರಸ್ತೆ ಕಾಸರಕೋಡಿನಲ್ಲಿ ನಿಂತುಬಿಡುತ್ತದೆ. ನಡುವೆ ಶರಾವತಿ, ಆಚೆ ದಡದಲ್ಲಿ ಹೊನ್ನಾವರ. ಸೇತುವೆಯಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಕಾರನ್ನು ಏರಿಸಿ, ಗಾಲಿಗೆ ಮರದ ಗುಟ್ಟ ಕೊಟ್ಟು, ಹಗ್ಗ ಬಿಗಿದು ದಾಟಿಸುತ್ತಾರೆ. ಹೊಳೆಯ ಪದ್ಧತಿಯಂತೆ ಕಾರಿನೊಳಗೆ ಆಗ ಯಾರೂ ಇರಬಾರದು. ಕಳೆದ ಸೆಪ್ಟೆಂಬರಿನಲ್ಲಿ, ಚೌತಿ ಕಳೆದು ಹೊಳೆ ಇನ್ನೂ ಕೆಂಪಗಿದ್ದಾಗ, ಜಂಗಲಿನ ದುರ್ಗ ಎಂದಿನಂತೆ, "ಇಳಿ ತಮಾ, ಗಾಡಿ ನಾ ನೋಡ್ಕಳ್ತೆ" ಎಂದ. ಅಣ್ಣಪ್ಪ ನನ್ನ ಮುಖ ನೋಡಿ, "ಗಾಡಿ ಹೊಳೆ ಮೇಲೆ ಹೋಗ್ತೇ ಅದ್ಯಲ, ಬಿಚ್ಚಿದ್ರೆ ನಾಕಾಣೆ ಹೋತದೆ" ಎಂದು ಕೂತೇ ಇದ್ದ. ಗಾಡಿ ನಿಂತಿದೆಯೋ ಚಲಿಸುತ್ತಿದೆಯೋ ಎಂದು ನಾನೂ ಒಂದು ಗಳಿಗೆ ಯೋಚಿಸಿದೆ. ತಮ್ಮ ಅಪ್ಪಣೆಯ ಪ್ರಕಾರ ಚಲಿಸುತ್ತಿದೆ ಎಂದೇ ತೋರಿತು. ನಾನು ಮಾತ್ರ ಪದ್ಧತಿಯಂತೆ ಇಳಿದು ಕೊಡೆ ಹಿಡಿದು ನಿಂತಿದ್ದೆ. ನನಗೆ ದಂಡ ಹಾಕುವವರು ಯಾರೂ ಇರಲಿಲ್ಲ.

ಹೊನ್ನಾವರದ ಧಕ್ಕೆಗೆ ಜಂಗಲು ಬಡಿಯಿತು. ಹಗ್ಗ ಹರಿಯಿತು, ಗುಟ್ಟ ಹಾರಿತು, ಕಾರು ಮುಂದಕ್ಕೆ ಉರುಳಿ ಮೂಗನ್ನು ಹೊಳೆಯಲ್ಲಿ ಅದ್ದಿತು. ಇದ್ದದ್ದನ್ನು ಇದ್ದಂತೆ ಹೇಳಬೇಕು: ಆ ಹೊಡೆತಕ್ಕೆ ಅಣ್ಣಪ್ಪನ ಎದೆ ಸ್ಟಿಯರಿಂಗ್ ಚಕ್ರಕ್ಕೆ ಬಡಿಯದಂತೆ, ತಲೆ ಗಾಜಿಗೆ ತಗಲದಂತೆ ತಮ್ಮ ಬೆಲ್ಟು ಹಿಡಿದುಕೊಂಡಿತು. ಆಮೇಲೂ ಹಿಡಿದುಕೊಂಡಿತು. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂದರೂ ಹಿಡಿದುಕೊಂಡೇ ಇತ್ತು; ಕೊಕ್ಕೆಯೊಳಗೆ ಮರಳು ಕೂತಿತ್ತು, ಅಣ್ಣಪ್ಪ ಎಷ್ಟು ಎಳೆದರೂ ಬಿಚ್ಚಲಿಲ್ಲ. ದುರ್ಗ ಹಲ್ಲಿನಲ್ಲಿ ಕತ್ತಿ ಕಚ್ಚಿ ಧುಮುಕಿ ಎರಡೇಟಿಗೆ ಬೆಲ್ಟನ್ನು ಕೊಯ್ದು ಅವನನ್ನು ಕುತ್ತಿಗೆ ಹಿಡಿದು ಮೇಲಕ್ಕೆ ತಂದ. ದಡದಲ್ಲಿ ಕೂತು ಕೊಯ್ದ ತುಂಡನ್ನು ಎಳೆದೆಳೆದು ನೋಡಿ, "ಎಂತ ಗಟ್ಟಿ ಮಾರಾಯಾ! ಜಂಗಲಿಗೆ ಇಂಥ ಹಗ್ಗ ಇದ್ದಿದ್ರೆ ಗಾಡಿ ಬೀಳ್ತೇ ಇರ್ಲಿಲ್ಲ" ಎಂದ. ತಮ್ಮ ಮಾಲಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಬೇರೆ ಯಾವ ದೇಶದಿಂದಲೂ ಬಂದಿರಲಾರದು.

ಒಂದು ಹೊಸ ಬೆಲ್ಟು ಬೇಕೆಂದು, ಬೆಲೆ ಎಷ್ಟಾದರೂ ಕೊಡುತ್ತೇನೆಂದು ಎರಡನೆಯ ಪತ್ರ ಬರೆಸಿದೆ. ಸುರಕ್ಷತೆಯನ್ನು ಬಿಡಿಬಿಡಿಯಾಗಿ ಮಾರುವುದು ಕಂಪನಿಯ ತತ್ವಕ್ಕೆ ವಿರುದ್ಧವೆಂದು ತಾವು ತಿಳಿಸಿ, ಜೊತೆಗೆ 'ಮಾಲೀಕರ ಅನುಭವಗಳು' ಎಂಬ ಚಂದದ ಪುಸ್ತಿಕೆ ಕಳಿಸಿದಿರಿ. ಅದರ ಹನ್ನೊಂದನೆಯ ಪುಟದಲ್ಲಿ, ಮೂರು ಪಲ್ಟಿ ಹೊಡೆದೂ ಕನ್ನಡಕವನ್ನಷ್ಟೇ ಕಳೆದುಕೊಂಡ ಡಾಕ್ಟರರೊಬ್ಬರಿಗೂ, ನಾಯಿಗೂ ಬೆಲ್ಟು ಬೇಕೆಂದ ವಿಧವೆಯೊಬ್ಬಳಿಗೂ ನಡುವೆ, ಆ ಎರಡನೆಯ ಪತ್ರದ ನನ್ನ ನಾಲ್ಕು ಪುಟದ ದೂರಿನಿಂದ ಆಯ್ದ ಒಂದೇ ಸಾಲು ಇತ್ತು: "ಬೆಲ್ಟು ಹಿಡಿದದ್ದನ್ನು ಬಿಡಲೇ ಇಲ್ಲ. ಶ್ರೀ ಎಂ. ನಾಯ್ಕ, ಇಂಡಿಯಾ."

ಮಾರ್ಚ್ ಕೊನೆಗೆ ಕುಮಟೆಯಲ್ಲಿ ಪರ್ಮಿಟ್ಟಿನ ತಪಾಸಣೆ. ಮೋಟಾರು ಕಚೇರಿಯ ಸಾಹೇಬರು ಕಾರಿನೊಡನೆ ಬಂದಿದ್ದ ವಿವರದ ಪುಸ್ತಕ ತೆರೆದು, ಬೆಲ್ಟು ಎರಡು ಎಂದು ಬರೆದಿದೆ, ಕಾರಿನಲ್ಲಿ ಒಂದೇ ಇದೆ, ಆದ್ದರಿಂದ ಕಾರು ಊನ ಎಂದರು. ಬಗಲಲ್ಲೇ ನಿಂತಿದ್ದ ವೆಂಕಟನ ಕಾರಿನಲ್ಲಿ ಒಂದೂ ಇಲ್ಲವಲ್ಲ ಎಂದೆ. ಅದರ ಪುಸ್ತಕದಲ್ಲೂ ಇಲ್ಲ, ಆದ್ದರಿಂದ ಅದರಲ್ಲಿ ಏನೂ ಕಡಿಮೆಯಾಗಿಲ್ಲ ಎಂದು, ಹಗ್ಗದ ಬಾಗಿಲನ್ನು ಬಹಳ ಎಚ್ಚರದಿಂದ ಸುತ್ತುಹಾಕಿ ಅದಕ್ಕೆ ಮೊಹರು ಹೊಡೆದರು. ನನಗೂ ಕಂಪನಿಗೂ ಎಷ್ಟು ಸಲಿಗೆಯೆಂದು ತಿಳಿಯಲಿ ಎಂದು ಹನ್ನೊಂದನೆಯ ಪುಟ ತೋರಿಸಿದೆ. ನನ್ನ ಜೀವಮಾನದ ದಡ್ಡತನ ಅದು. "ನೋಡ್ರಿ, ಬೆಲ್ಟಿನಿಂದಲೇ ಜೀವ ಉಳೀತು ಅಂತ ನೀವೇ ಬರೆದುಕೊಟ್ಟೀರಿ! ಅದಿಲ್ಲದೆ ಹೆಂಗೆ ಬಿಡೂದು?" ಎಂದು ಜೂನ್ ಮೂವತ್ತರವರೆಗೆ ವಾಯಿದೆ ಕೊಟ್ಟರು. ಅಷ್ಟರಲ್ಲಿ ಕಂಪನಿಯ ಬೆಲ್ಟು ಬಾರದಿದ್ದರೆ ಪರ್ಮಿಟ್ಟು ಸಾಲಿನಲ್ಲಿ ಮುಂದಿನವನಿಗೆ. ಮುಂದಿನವನೆಂದರೆ ವೆಂಕಟ, ಅವನ ಎರಡನೆಯ ಕಾರಿಗಾಗಿ. ಬಲೆ ಹೆಣೆಯುವವರಿಂದ ಕೊಯ್ದ ಬೆಲ್ಟನ್ನು ಹೊಲಿಸಿ ಒಯ್ದೆ, ಅದು ಪುಸ್ತಕದ ನಕ್ಷೆಯಂತಿಲ್ಲವೆಂದರು.

ತಮಗೆ ಮತ್ತೆ ಬರೆಸಿದೆ, ಬೆಲ್ಟಿಲ್ಲದೆಯೂ ಕಾರು ಓಡಬಹುದೆಂದು ಒಂದು ಸಾಲು ಕೊಡಿ ಎಂದು. ಅಂಥ ಮಾತನ್ನು ಕಂಪನಿ ಎಂದೂ ಆಡಲಾರದು, ಬೆಲ್ಟಿಲ್ಲದ ಆಸನವನ್ನು ಬಳಸದಿರುವುದೇ ಕ್ಷೇಮ ಎಂದು ಸಲಹೆ ಬಂತು. ಅದು ಚಾಲಕನ ಆಸನ, ಮಾನ್ಯರೇ. ಮತ್ತೆ ಮೂರು ಪತ್ರಗಳಾದ ಮೇಲೆ ತಾವು ಮನಸ್ಸು ಕರಗಿಸಿ ಗ್ಯಾರಂಟಿಯ ಫಾರಮು ಕಳಿಸಿದಿರಿ: ಬೆಲ್ಟು ತಾನಾಗಿ ಹರಿಯುವುದಿಲ್ಲ, ಪರರು ಕೊಯ್ದಿದ್ದರೆ ಕೊಯ್ದವನ ಹೆಸರು ಬರೆದು, ಅವನ ಮೇಲಿನ ಪೊಲೀಸ್ ದೂರಿನ ನಕಲನ್ನು ಲಗತ್ತಿಸಿದರೆ ಹೊಸ ಬೆಲ್ಟು ಉಚಿತ, ವಿಮಾನದಲ್ಲಿ, ಹತ್ತು ದಿನದಲ್ಲಿ.

ನಾನು ದೊಡ್ಡ ಮನುಷ್ಯನಲ್ಲ. ಆ ಫಾರಮನ್ನು ಮೂರು ದಿನ ಇಟ್ಟುಕೊಂಡೆ. ಒಂದು ದೂರು, ಒಂದು ಹೆಸರು. ದುರ್ಗನಿಗೆ ಆಗುವುದಾದರೂ ಏನು, ನಾಲ್ಕು ಸಲ ಠಾಣೆಯ ಮೆಟ್ಟಿಲು, ಹೆಚ್ಚೆಂದರೆ ಜಂಗಲಿನ ಕೆಲಸ. ನನಗೆ ಉಳಿಯುವುದು ಹದಿನಾರು ವರ್ಷ ನಡೆದು ಗಳಿಸಿದ ಕಾಗದ. ಎರಡನೆಯ ದಿನ ಪೆನ್ನಿಗೆ ಶಾಯಿಯನ್ನೂ ತುಂಬಿಸಿದ್ದೆ. ಮಾಸ್ತರರ ಬಾಯಿಂದ ಸುದ್ದಿ ಹೊರಬಿದ್ದಿರಬೇಕು, ಮೂರನೆಯ ದಿನ ಅಣ್ಣಪ್ಪನ ಹೆಂಡತಿ ಲಕ್ಕಿ ಬಂದು ಜಗಲಿಯ ಕೆಳಗೇ ನಿಂತು, "ಸಾವ್ಕಾರ್ರೆ, ಬೆಲ್ಟ ಕೊಯ್ದಿದ್ಕೆ ಕೇಸ್ ಹಾಕ್ತ್ರಂತೆ. ಆತು, ಹಾಕಿ. ನನ್ ಗಂಡನ್ನ ಉಳಿಸಿದ್ಕೂ ಒಂದ್ ಹಾಕಿ, ಎರಡೂ ಒಂದೇ ಕಾಗದದಲ್ಲಿ ಬರ್ಕಳಿ, ಖರ್ಚು ಕಡಿಮೆ" ಎಂದಳು. ದಂಡದ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು.

ಅವಳು ಹೋದ ಮೇಲೆ ಫಾರಮು ತುಂಬಿದೆ. ಬೆಲ್ಟು ಕೊಯ್ದವನ ಹೆಸರು: ಮಾಬ್ಲ ಸುಬ್ಬ ನಾಯ್ಕ. ಕಾರಿಗೂ ಅವನಿಗೂ ಸಂಬಂಧ: ಮಾಲೀಕ. ಮಾಲೀಕನೇ ಮಾಡಿದ ಹಾನಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲವೆಂದು ತಮ್ಮ ಏಳನೆಯ ಉತ್ತರ ಜೂನ್ ಇಪ್ಪತ್ತೆಂಟಕ್ಕೆ ಬಂತು. ವಾಯಿದೆ ಮೂವತ್ತಕ್ಕೆ ಮುಗಿಯಿತು.

ಇಂತಿರಲು ತಮ್ಮಲ್ಲಿ ನನ್ನ ವಿನಂತಿಗಳು ಬಹಳವೇನಿಲ್ಲ. ಮುಂದೆ ಕಾರು ಮಾಡುವಾಗ ಚಾಲಕನು ಹಿಂದಿನ ಆಸನದಲ್ಲಿ ಕೂತು ಓಡಿಸುವಂತೆ ಮಾಡಿರಿ; ಅದಾಗದಿದ್ದರೆ ಗುದ್ದಿ ಗುದ್ದಿ ನಿವೃತ್ತವಾದ ಮರದ ಗೊಂಬೆಯೊಂದನ್ನು ಲೈಸೆನ್ಸ್ ಸಮೇತ ಕಳಿಸಿದರೆ ತಿಂಗಳಿಗೆ ಅರವತ್ತು ರೂಪಾಯಿ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತೇನೆ, ದಂಡ ಹಾಕುವುದಿಲ್ಲ. ಪುಸ್ತಿಕೆಯ ಮರುಮುದ್ರಣದ ಹೊತ್ತಿಗೆ ಶರಾವತಿಗೆ ಒಂದು ಸೇತುವೆಯನ್ನು, ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿಯೇ, ವಿಮಾನದಲ್ಲಿ ಕಳಿಸಿಕೊಟ್ಟರೆ ಮೂರೂ ಊರಿನವರು ಧಕ್ಕೆಗೆ ಬಂದು ಇಳಿಸಿಕೊಳ್ಳುತ್ತೇವೆ.

ಕಟ್ಟದಿದ್ದರೂ ಜಾಗ ಬಿಟ್ಟು ಏಳಲಾಗದ,
ತಮ್ಮ ವಿಶ್ವಾಸಿ,
ಮಾಬ್ಲ ಸುಬ್ಬ ನಾಯ್ಕ

ತಾ.ಕ.: ಈ ಪತ್ರದಿಂದಲೂ ಒಂದು ಸಾಲು ಆಯ್ದು ಅಚ್ಚುಹಾಕುವ ಮನಸ್ಸಾದರೆ ಕೆಳಗಿನ ಲೆಕ್ಕವನ್ನು ಪೂರ್ತಿ ಹಾಕಿಕೊಳ್ಳಿ, ಇದರಲ್ಲಿ ಯಾವ ಸಾಲೂ ಹೆಚ್ಚುವರಿಯಲ್ಲ. ವೆಂಕಟನಿಗೆ ಪರ್ಮಿಟ್ಟು. ಅಣ್ಣಪ್ಪನಿಗೆ ಜೀವ, ಮತ್ತು ಒಂದನೇ ತಾರೀಖಿನಿಂದ ವೆಂಕಟನ ಎರಡನೆಯ ಕಾರಿನಲ್ಲಿ ಕೆಲಸ. ಲಕ್ಕಿಗೆ ಗಂಡ. ದುರ್ಗನಿಗೆ ಏನೂ ಇಲ್ಲ, ಕೇಸೂ ಇಲ್ಲ. ಸಾಹೇಬರಿಗೆ ಸರಿಯಾದ ಕಡತ. ತಮಗೆ ಹನ್ನೊಂದನೆಯ ಪುಟ. ನನಗೆ ಕಾರು.